ಹೆರ್ವೆ ಫೋಟೋದಲ್ಲಿ ನಮ್ಮವ್ವನಂಥೋರು

ಚಂಡೀಗಢದ ಹೈಕೋರ್ಟ್ ಕಟ್ಟುವಾಗಿನ ಕಪ್ಪು-ಬಿಳುಪು ಫೋಟೋಗಳನ್ನ ನೋಡ್ತಾ ಕೂತಿದ್ದೆ. ಭಾರೀ ಕಾಂಕ್ರೀಟ್ ಗೋಡೆಗಳು, ಕೊಯ್ದಿಟ್ಟಂಥ ನೆರಳು. ನಡುವೆ ತಲೆ ಮೇಲೆ ಹೊರೆ ಹೊತ್ತ ಹೆಂಗಸರು. ನಮ್ಮವ್ವನೂ ಗಾರೆ ಕೆಲಸಕ್ಕೆ ಹೋದೋಳೇ. ಮೋಲ್ಡ್ ಹಾಕೋ ದಿನ ಸಿಂಬಿ ಮೇಲೆ ಬಾಂಡ್ಲಿ ಇಟ್ಕೊಂಡು, ಕತ್ತು ಒಂಚೂರೂ ಅಲ್ಲಾಡದಂಗೆ ಹತ್ತೋಳು. ಆ ಕತ್ತಿನ ಬಿಗಿ ನಂಗೊತ್ತು.

ಫೋಟೋ ತೆಗೆದವನು ಲೂಸಿಯೆನ್ ಹೆರ್ವೆ. ಹುಟ್ಟು ಹೆಸರು ಅದಲ್ಲ. 1910ರಲ್ಲಿ ಹಂಗೇರಿಯ ಯಹೂದಿ ಕುಟುಂಬದಲ್ಲಿ ಹುಟ್ಟಿದ ಲಾಸ್ಲೋ ಎಲ್ಕಾನ್. ಪ್ಯಾರಿಸ್‌ಗೆ ಬಂದು ಫ್ಯಾಷನ್ ಕಂಪನೀಲಿ ದುಡಿದ, ಕಾರ್ಮಿಕ ಸಂಘಟನೆ ಮಾಡಿದ, ಕಮ್ಯುನಿಸ್ಟ್ ಆದ. ನಾಜಿಗಳ ವಿರುದ್ಧದ ಭೂಗತ ಹೋರಾಟದಲ್ಲಿ ಇಟ್ಕೊಂಡ ಹೆಸರೇ ಹೆರ್ವೆ. ಕೊನೇತನಕ ಅದೇ ಉಳೀತು. ಹುಟ್ಟಿದ ಹೆಸರೇ ಕುತ್ತಾಗೋದು ಅಂದ್ರೇನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಟೀಲಿ ಬಾಡಿಗೆ ಮನೆ ಕೇಳುವಾಗ ಹೆಸರು ನುಂಗಿಕೊಂಡವರು ನಾವು.

1949ರಲ್ಲಿ ಮಾರ್ಸೇ ಊರಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೇ ಕಟ್ಟಿಸ್ತಿದ್ದ ವಸತಿ ಕಟ್ಟಡಕ್ಕೆ ಹೋಗಿ ಒಂದೇ ದಿನ 650 ಫೋಟೋ ತೆಗೆದ. ಅವನ್ನ ನೋಡಿದ ಕಾರ್ಬುಸಿಯೇ ಇವನನ್ನ ತನ್ನ ಫೋಟೋಗ್ರಾಫರ್ ಮಾಡ್ಕೊಂಡ. 1965ರಲ್ಲಿ ಕಾರ್ಬುಸಿಯೇ ಸಾಯೋವರೆಗೂ ಆ ನಂಟು ಇತ್ತು. ಲಾಹೋರ್ ಕಳಕೊಂಡ ಪಂಜಾಬಿಗೆ ಕಾರ್ಬುಸಿಯೇ ಹೊಸ ರಾಜಧಾನಿ ಕಟ್ತಿದ್ದಾಗ, 1955ರಲ್ಲಿ, ಹೆರ್ವೆ ಚಂಡೀಗಢಕ್ಕೂ ಬಂದ.

ಅವನದೊಂದು ಅಭ್ಯಾಸ: ಪ್ರಿಂಟನ್ನೇ ಕತ್ತರಿ ಹಿಡಿದು ಕತ್ತರಿಸೋದು. ಬೇಡದ್ದೆಲ್ಲ ತೆಗೆದು ಗೆರೆ, ನೆರಳು ಅಷ್ಟೇ ಉಳಿಸೋದು. ಅಂಥ ಕತ್ತರಿಯಿಂದಲೂ ಈ ಹೆಂಗಸರು ಉಳಿದಿದಾರೆ. ಅದಕ್ಕೆ ಅವನಿಗೊಂದು ಶರಣು. ನನ್ನ ತಕರಾರೂ ಇದೆ. ಎಷ್ಟೋ ಚಿತ್ರಗಳಲ್ಲಿ ಅವರು ಗೋಡೆ ಎಷ್ಟೆತ್ತರ ಅಂತ ತೋರಿಸೋ ಅಳತೆಗೋಲು ಅಷ್ಟೇ. ಫೋಟೋ ಕೆಳಗೆ ಕಟ್ಟಡದ ಹೆಸರು, ಊರು, ಇಸವಿ. ಹೊತ್ತವಳ ಹೆಸರಿಲ್ಲ. 2016ರಲ್ಲಿ ಆ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೋ ಪಟ್ಟಿಗೆ ಸೇರಿತು, ಅದೂ ಕಾರ್ಬುಸಿಯೇ ಹೆಸರಲ್ಲೇ.

ನಮ್ಮವ್ವ ಮಣ್ಣು, ಜಲ್ಲಿ ಹೊತ್ತ ಕಟ್ಟಡಗಳು ಬೆಂಗಳೂರಲ್ಲಿ ಈಗಲೂ ನಿಂತಿವೆ. ಅವುಗಳ ಮುಂದೆ ಅವಳದ್ದು ಒಂದೂ ಫೋಟೋ ಇಲ್ಲ. ಆ ಕಾಲದ್ದು ಅಂತ ಇರೋದು ರೇಷನ್ ಕಾರ್ಡಿಗೆ ತೆಗೆಸಿದ್ದೊಂದೇ. ಮೊನ್ನೆ ಊರಿಗೆ ಹೋದಾಗ ಹೆರ್ವೆ ಫೋಟೋ ಮೊಬೈಲಲ್ಲಿ ತೋರಿಸಿದೆ. ಕನ್ನಡಕ ಹಾಕ್ಕೊಂಡು ಬಾಳ ಹೊತ್ತು ನೋಡಿದ್ಲು. ಕಟ್ಟಡದ ಬಗ್ಗೆ ಏನೂ ಹೇಳಲಿಲ್ಲ.

"ಇವ್ರಿಗೆ ದಿನಕ್ಕೆ ಎಷ್ಟು ಕೂಲಿ ಕೊಡೋರಂತೆ ಮಗಾ?" ಅಂದ್ಲು.

ಜೈ ಭೀಮ್.