ಜುಂಜಪ್ಪನ ಒಕ್ಕಲು

ದೇವರಿಗೆ ನಡೆದುಕೊಂಡಿದ್ದಕ್ಕೆ ನಾನು ಪಟ್ಟ ಕಷ್ಟವೇನು ಅಂತ ಲೆಕ್ಕಕ್ಕೆ ಕೂತರೆ ಪಟ್ಟಿ ಬೇಗ ಮುಗಿಯುತ್ತದೆ. ಹಟ್ಟಿಯೊಳಗೆ ಮೆಟ್ಟು ಹಾಕಿಲ್ಲ. ಮಳೆ ಕೈಕೊಟ್ಟ ವರ್ಷವೂ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಕಾಣಿಕೆ ತಪ್ಪಿಸಿಲ್ಲ. ಇಷ್ಟಕ್ಕೇ ಹಟ್ಟಿಯಲ್ಲಿ ನನಗೆ ನಿಯತ್ತಿನವನು ಅಂತ ಹೆಸರು.

ಶಿರಾ, ಪಾವಗಡ, ಮಧುಗಿರಿ ಸೀಮೆಯ ಕಾಡುಗೊಲ್ಲರು ನಾವು, ದನ-ಕುರಿ ನಂಬಿ ಬಂದವರು. ಜುಂಜಪ್ಪನೂ ದೇವರಾಗುವ ಮುಂಚೆ ದನ ಕಾಯ್ದವನೇ. ಗಣೆ ಅನ್ನುವ ಕೊಳಲು ಊದಿ ಅವನ ಕಥೆ ಹಾಡುವವರು ಈಗಲೂ ಇದ್ದಾರೆ. ಹಟ್ಟಿಗೆ ಮೈಲಿಗೆ ತಾಗಬಾರದು ಅಂತ ಮುಟ್ಟಾದವರು, ಹೆರಿಗೆಯಾದವರು ಬೇಲಿಯಾಚೆ ಗುಡ್ಲಿನಲ್ಲಿ ಇರಬೇಕು. ಬಾಣಂತಿಯಾದರೆ ತಿಂಗಳುಗಟ್ಟಲೆ. ನನ್ನ ಹೆಂಡತಿ ಮಗಳನ್ನು ಎದೆಗವಚಿಕೊಂಡು ಗುಡ್ಲಿನಲ್ಲಿದ್ದಳು. ನಾನು ಒಳಗೆ ಬೆಚ್ಚಗೆ ಮಲಗಿ ದೇವರ ಕಟ್ಟಳೆ ಉಳಿಸಿದೆ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೇ ಹೊರಗಿದ್ದ ಹಸುಗೂಸು ಥಂಡಿ ತಗುಲಿ ತೀರಿಕೊಂಡಿತು. ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ಆದದ್ದು ನಿರಾಳ: ನಮ್ಮದು ಉಳೀತಲ್ಲ. ಅದರ ಬೆನ್ನಿಗೇ ಒಂದು ಹೆಮ್ಮೆ: ಜುಂಜಪ್ಪ ನಮ್ಮನ್ನು ಕಾಯ್ದ. ಆ ಕೂಸನ್ನು ಯಾಕೆ ಕಾಯಲಿಲ್ಲ ಅನ್ನುವ ಪ್ರಶ್ನೆ ಬರಲು ತಡವಾಯಿತು. ಅಷ್ಟು ಹೊತ್ತು ನನ್ನೊಳಗೆ ಇದ್ದದ್ದನ್ನು ಭಕ್ತಿ ಅನ್ನಲು ಈಗ ನಾಲಿಗೆ ಏಳುವುದಿಲ್ಲ.

ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ರಾಜ್ಯ ತಂದ ಕಾಯ್ದೆ ಹೆಂಗಸರನ್ನು ಹೀಗೆ ಹೊರಗಿಡುವುದು ಅಪರಾಧ ಅನ್ನುತ್ತದೆ. ಗೊಲ್ಲರಹಟ್ಟಿಗಳ ಪಕ್ಕ ಕೃಷ್ಣ ಕುಟೀರ ಕಟ್ಟಿಸಿ ಹೊರಗಿರುವವರಿಗೆ ಸೂರು ಕೊಟ್ಟದ್ದೂ ಸರ್ಕಾರವೇ. ಆಚೆಗೊಂದು ಕಾಲು ಈಚೆಗೊಂದು ಕಾಲು, ನನ್ನ ಹಾಗೇ.

"ಇನ್ನು ಒಳಗೇ ಇರು" ಅಂತ ನಾನು ಅಂದಾಗ ಒಪ್ಪದವಳು ಹೆಂಡತಿಯೇ. "ದನ-ಕರಕ್ಕೆ ಏನಾರ ಆದ್ರೆ? ಮಗೀಗೆ ಆದ್ರೆ?" ಅವಳದು ಭಯವೋ ಭಕ್ತಿಯೋ ನಾನು ಹೇಳಲಾರೆ. ಚಳಿಯಲ್ಲಿ ಕೂತು ನಂಬಿದವಳು ಅವಳು, ಆ ನಂಬಿಕೆಯ ಮುಂದೆ ನನಗೆ ಬಾಯಿಲ್ಲ. ನನ್ನದು ನೆಂಟರಿಷ್ಟರ ಅಂಜಿಕೆ. ಅದಕ್ಕೆ ಜುಂಜಪ್ಪನ ಹೆಸರಿಟ್ಟುಕೊಂಡು ಇಷ್ಟು ವರ್ಷ ಬಾಳಿದೆ.

ಮಗಳು ಈಗ ಮಧುಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಹಟ್ಟಿಗೆ ಬಂದರೆ ಗುಡ್ಲಿಗೆ ಹೋಗುವುದಿಲ್ಲ ಅಂದಿದ್ದಾಳೆ. ಹಟ್ಟಿಯ ಪೂಜಾರಪ್ಪನವರು ಅವಳನ್ನು ಕೇಳುವುದಿಲ್ಲ, ನನ್ನನ್ನು ಕೇಳುತ್ತಾರೆ. ತಪ್ಪುಕಾಣಿಕೆ ಕಟ್ಟು ಅಂದರೆ ಕಟ್ಟಬೇಕು. ಹಬ್ಬದಲ್ಲಿ ದೂರ ನಿಲ್ಲು ಅಂದರೆ ನಿಲ್ಲಬೇಕು. ದನ ಕಾಯ್ದ ದೇವರು ಕೂಸನ್ನೂ ಕಾಯಬೇಡವೇ ಅಂತ ಅವರೆದುರು ಕೇಳಿದರೆ ಅದು ಜುಂಜಪ್ಪನಿಗೆ ಎದುರಾಡಿದ್ದೋ, ನಡೆದುಕೊಂಡದ್ದೋ? ನಡೆದುಕೊಂಡದ್ದೇ ಅಂತ ಮನಸ್ಸು ಹೇಳುತ್ತದೆ. ಆದರೂ ದೀಪಾವಳಿ ರಜೆಗೆ ಬರಬೇಡ, ಅಲ್ಲೇ ಇದ್ದು ಓದಿಕೋ ಅನ್ನಲು ನೆಪ ಹುಡುಕುತ್ತಿದ್ದೇನೆ.