ಗುರುವಾರ ಇಳಿಯುವ ದೆಹಲಿ

ರಾತ್ರಿ ಊಟ ಮುಗಿದು ಮನೆ ತಣ್ಣಗಾದ ಮೇಲೆ ನಕ್ಷೆ ಹರಡಿಕೊಂಡು, ಪೆನ್ಸಿಲ್ ಹಿಡಿದು, ಇನ್ನೂ ಹೋಗದ ಊರಲ್ಲಿ ಅಡ್ಡಾಡುವುದು ನನಗೆ ಬಹಳ ಪ್ರಿಯವಾದ ಕೆಲಸ. ನೆಂಟರಲ್ಲಿ ಯಾರು ದೆಹಲಿಗೆ ಹೊರಟರೂ ಪ್ಲಾನ್ ಹಾಕಿಕೊಡುವ ಭಾರ ನನ್ನ ಮೇಲೆ ಬೀಳುತ್ತದೆ. ಅದನ್ನು ನಾನು ಬಿಟ್ಟುಕೊಡುವುದೂ ಇಲ್ಲ. ಅದರಲ್ಲೂ ಮೂರೇ ದಿನ ಎಂದರೆ ಇನ್ನೂ ಖುಷಿ. ಹದಿನೈದು ದಿನ ಕೈಯಲ್ಲಿದ್ದವರು ಹೇಗೆ ಸುತ್ತಿದರೂ ನಡೆಯುತ್ತದೆ. ಮೂರು ದಿನದವರಿಗೆ ಮಾತ್ರ ಪ್ರತಿಯೊಂದು ಜಾಗಕ್ಕೂ ಅದರದೇ ಹೊತ್ತು ಹುಡುಕಿಕೊಡಬೇಕು.

ಎಲ್ಲರೂ ಮೊದಲು ಹೋಟೆಲು ನೋಡುತ್ತಾರೆ, ನಾನು ವಾರ ನೋಡುತ್ತೇನೆ. ಸೋಮವಾರ ಕೆಂಪುಕೋಟೆಗೆ ಬೀಗ. ರಾಷ್ಟ್ರೀಯ ವಸ್ತುಸಂಗ್ರಹಾಲಯ, ರೈಲು ಮ್ಯೂಸಿಯಂ, ಕಮಲ ಮಂದಿರ, ಅಕ್ಷರಧಾಮ, ಇವಕ್ಕೂ ಅಂದೇ ರಜೆ. ಭಾನುವಾರ ಚಾಂದನಿ ಚೌಕದ ಬಹುಪಾಲು ಅಂಗಡಿಗಳು ಷಟರ್ ಇಳಿಸಿರುತ್ತವೆ. ಶುಕ್ರವಾರ ಮಧ್ಯಾಹ್ನ ಜಾಮಾ ಮಸೀದಿಯಲ್ಲಿ ನಮಾಜು, ನೋಡಲು ಬಂದವರು ಹೊರಗೆ ಕಾಯಬೇಕು. ನಿಜಾಮುದ್ದೀನ್ ದರ್ಗಾದ ಕವ್ವಾಲಿ ಕೇಳಬೇಕೆಂದರೆ ಗುರುವಾರದ ಸಂಜೆಯೇ ಆಗಬೇಕು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಆಗದ ದಿನಗಳನ್ನು ಹೊಡೆದುಹಾಕುತ್ತಾ ಬಂದರೆ ಕೊನೆಗೆ ಗುರುವಾರ, ಶುಕ್ರವಾರ, ಶನಿವಾರ ಉಳಿಯುತ್ತವೆ. ಆ ಮೂರು ವಾರಗಳು ಹಾಗೆ ಒಟ್ಟಿಗೆ ಉಳಿದುಕೊಂಡಾಗ ಆಗುವ ಸಂತೋಷವನ್ನು ನಾನು ಬೇರೆ ಯಾವ ಹವ್ಯಾಸದಲ್ಲೂ ಕಂಡಿಲ್ಲ.

ಇನ್ನು ತಿಂಗಳು. ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮೂರೇ ದಿನದಲ್ಲಿ ಅರ್ಧ ದಿನ ಹಳಿಯ ಮೇಲೆ ಕಳೆದುಹೋದರೆ ಪ್ಲಾನೆಲ್ಲ ಕುಸಿಯುತ್ತದೆ. ಏಪ್ರಿಲ್ ಆದ ಮೇಲೆ ಬಿಸಿಲು. ನಾನು ಆರಿಸುವುದು ಫೆಬ್ರವರಿಯ ಕೊನೆ. ಮಂಜು ಸರಿದಿರುತ್ತದೆ, ಬೂರುಗದ ಮರಗಳು ಎಲೆಯೆಲ್ಲ ಉದುರಿಸಿ ಕೆಂಪಗೆ ಹೂಬಿಡಲು ಶುರುಮಾಡಿರುತ್ತವೆ.

ಬೆಂಗಳೂರಿನಿಂದ ಹೊರಡುವ ರಾಜಧಾನಿ ಎಕ್ಸ್‌ಪ್ರೆಸ್ ನವದೆಹಲಿ ನಿಲ್ದಾಣಕ್ಕೆ ಹೋಗುವುದಿಲ್ಲ, ಹಜರತ್ ನಿಜಾಮುದ್ದೀನ್‌ನಲ್ಲಿ ನಿಲ್ಲುತ್ತದೆ. ಊರಿನ ಮಧ್ಯಕ್ಕೆ ಬಿಡುವುದಿಲ್ಲವಲ್ಲ ಎಂದು ಕೆಲವರಿಗೆ ಬೇಸರ. ನಕ್ಷೆ ನೋಡಿದವರಿಗೆ ಅದೇ ಭಾಗ್ಯ. ಮಂಗಳವಾರ ರಾತ್ರಿ ಹತ್ತಿದರೆ ಗುರುವಾರ ಬೆಳಕು ಹರಿಯುವ ಹೊತ್ತಿಗೆ ಇಳಿಯುತ್ತೇವೆ. ಹುಮಾಯೂನನ ಗೋರಿ ಅಲ್ಲೇ ಹತ್ತಿರ, ಬಾಗಿಲು ತೆರೆಯುವುದು ಸೂರ್ಯೋದಯಕ್ಕೆ. ಸಾಮಾನನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು ಒಂದು ಚಹಾ ಕುಡಿದು ಹೊರಟರೆ, ಕೆಂಪು ಕಲ್ಲು ಇನ್ನೂ ತಣ್ಣಗಿರುವಾಗಲೇ ಒಳಗಿರುತ್ತೇವೆ.

ಆ ಹೊತ್ತಿನಲ್ಲಿ ಅದನ್ನು ನೋಡಲೇಬೇಕು. ಗಂಡ ಹುಮಾಯೂನನಿಗಾಗಿ ಬೇಗಾ ಬೇಗಂ ಕಟ್ಟಿಸಿದ್ದು. ವಾಸ್ತುಶಿಲ್ಪಿ ಮೀರಕ್ ಮಿರ್ಜಾ ಗಿಯಾಸ್. ನಾಲ್ಕು ಪಾಲಾಗಿ ಕಾಲುವೆ ಹರಿಸಿದ ತೋಟದ ನಡುವೆ ಗೋರಿ ಎನ್ನುವ ಕಲ್ಪನೆ ಇಷ್ಟು ದೊಡ್ಡದಾಗಿ ನಮ್ಮ ನೆಲದಲ್ಲಿ ಮೊದಲು ಮೂಡಿದ್ದು ಇಲ್ಲಿ. ತಾಜ್ ಮಹಲು ಬಂದದ್ದು ಆಮೇಲೆ. 1857ರಲ್ಲಿ ಕೊನೆಯ ಮೊಗಲ ದೊರೆ ಬಹಾದ್ದೂರ್ ಶಾ ಜಫರ್ ಇಂಗ್ಲಿಷರ ಕೈಗೆ ಸಿಕ್ಕಿದ್ದೂ ಇದೇ ಆವರಣದಲ್ಲಿ. ಒಂದು ವಂಶದ ಎರಡನೆಯವನು ಮಲಗಿದ ಕಡೆಗೇ ಕೊನೆಯವನು ಓಡಿಬಂದು ಅಡಗಿದ್ದ. ಪಕ್ಕದಲ್ಲಿ ಈಸಾ ಖಾನನ ಎಂಟು ಮೂಲೆಯ ಗೋರಿ, ಹುಮಾಯೂನನದಕ್ಕಿಂತ ಹಳೆಯದು, 1547ರದ್ದು. ಬಿಸಿಲೇರಿದ ಮೇಲೆ ಪಕ್ಕದ ಉದ್ಯಾನ ಸುಂದರ್ ನರ್ಸರಿಯ ನೆರಳು. ಅಂದು ಮಧ್ಯಾಹ್ನಕ್ಕೆ ನಾನು ಏನನ್ನೂ ಬರೆಯುವುದಿಲ್ಲ. ಎರಡು ರಾತ್ರಿ ರೈಲಿನಲ್ಲಿ ಕಳೆದ ಮೈಗೆ ನಿದ್ದೆ ಬೇಕು.

ಸಂಜೆ ನಿಜಾಮುದ್ದೀನ್ ಬಸ್ತಿಯ ಓಣಿಗಳನ್ನು ದಾಟಿ ದರ್ಗಾಕ್ಕೆ. ಗುಲಾಬಿ ಮಾರುವವರು, ಚಪ್ಪಲಿ ಕಾಯುವವರು, ಅತ್ತರಿನ ವಾಸನೆ. ನಿಜಾಮುದ್ದೀನ್ ಔಲಿಯಾ ಮತ್ತು ಅವರ ಪ್ರಿಯ ಶಿಷ್ಯ ಅಮೀರ್ ಖುಸ್ರೋ ಇಬ್ಬರೂ ತೀರಿಕೊಂಡದ್ದು 1325ರಲ್ಲಿ, ಇಬ್ಬರ ಗೋರಿಯೂ ಇಲ್ಲೇ. ಔಲಿಯಾ ಅವರ ಗೋರಿಯ ಕೋಣೆಯೊಳಗೆ ಹೆಂಗಸರನ್ನು ಬಿಡುವುದಿಲ್ಲ. ನಾವು ಜಾಲರಿಯ ಹೊರಗೆ ಕೂರುತ್ತೇವೆ. ಕವ್ವಾಲಿ ನಡೆಯುವುದು ಅಂಗಳದಲ್ಲಿ, ಅಲ್ಲಿ ಎಲ್ಲರೂ ಕೇಳಬಹುದು. ಅದೇ ಅಂಗಳದಂಚಿನಲ್ಲಿ ಷಾಜಹಾನನ ಮಗಳು ಜಹಾನಾರಾಳ ಗೋರಿಯಿದೆ. ಸುತ್ತ ಅಮೃತಶಿಲೆಯ ಜಾಲರಿ, ಮೇಲೆ ಚಾವಣಿಯಿಲ್ಲ, ಗೋರಿಯ ಮೇಲೆ ಹಸಿರು. ಇದನ್ನು ನೋಡಿಯೇ ಬನ್ನಿ ಎಂದು ನಾನು ಹಾಳೆಯಲ್ಲಿ ಅಡಿಗೆರೆ ಎಳೆದು ಬರೆಯುತ್ತೇನೆ, ಏಕೆಂದರೆ ಶನಿವಾರ ನಾವು ನಡೆಯುವ ಚಾಂದನಿ ಚೌಕವನ್ನು ರೂಪಿಸಿದವಳು ಇವಳೇ.

ಶುಕ್ರವಾರದ ವಿಷಯಕ್ಕೆ ಬಂದಾಗ ಅಣ್ಣನ ಮಗ ತಕರಾರು ತೆಗೆದ. "ಅತ್ತೆ, ಅಷ್ಟು ದೂರ ಹೋಗಿ ತಾಜ್ ಮಹಲ್ ನೋಡದೇ ಬರೋದಾ?"

"ಶುಕ್ರವಾರ ತಾಜ್ ಬಾಗಿಲೇ ತೆಗೆಯೋದಿಲ್ಲ ಕಣೋ. ಆಗ್ರಾಕ್ಕೆ ಅಂತಲೇ ಇನ್ನೊಂದು ಸಲ ರಜೆ ಹಾಕು" ಎಂದೆ. ತೆರೆದಿದ್ದರೂ ನಾನು ಅದನ್ನು ಸೇರಿಸುತ್ತಿರಲಿಲ್ಲ. ಮೂರು ದಿನದಲ್ಲಿ ಒಂದನ್ನು ಹೆದ್ದಾರಿಗೆ ಕೊಟ್ಟವರು ದೆಹಲಿಯನ್ನೂ ಸರಿಯಾಗಿ ನೋಡುವುದಿಲ್ಲ, ಆಗ್ರಾವನ್ನೂ ನೋಡುವುದಿಲ್ಲ.

ಶುಕ್ರವಾರಕ್ಕೆ ಮೆಟ್ರೋದ ಹಳದಿ ಮಾರ್ಗ ಸಾಕು. ಈ ಮಾರ್ಗವೆಂದರೆ ನನಗೆ ವಿಶೇಷ ಅಕ್ಕರೆ. ದಕ್ಷಿಣದ ಕುತುಬ್ ಮಿನಾರ್ ನಿಲ್ದಾಣದಿಂದ ಉತ್ತರದ ಚಾಂದನಿ ಚೌಕಕ್ಕೆ ಹೋಗುವಾಗ, ಹನ್ನೆರಡನೇ ಶತಮಾನದ ಕೊನೆಯಲ್ಲಿ ಹತ್ತಿ ಹದಿನೇಳನೆಯದರಲ್ಲಿ ಇಳಿದಂತಾಗುತ್ತದೆ. ನಡುವೆ ಇಂಗ್ಲಿಷರ ನವದೆಹಲಿ. ಬೆಳಿಗ್ಗೆ ಬೇಗ ಕುತುಬ್. ಎಪ್ಪತ್ತೆರಡೂವರೆ ಮೀಟರ್ ಎತ್ತರದ ಗೋಪುರವನ್ನು ಎಲ್ಲರೂ ನೋಡುತ್ತಾರೆ. ಕನ್ನಡಿಗರಿಗೆ ನಾನು ತೋರಿಸುವುದು ಬೇರೆ ಎರಡು. ಒಂದು ಅಲಾಯಿ ದರ್ವಾಜಾ, ಅಲ್ಲಾವುದ್ದೀನ್ ಖಿಲ್ಜಿ 1311ರಲ್ಲಿ ಕಟ್ಟಿಸಿದ ಹೆಬ್ಬಾಗಿಲು. ಅದೇ ವರ್ಷ ಅವನ ಸೇನಾಪತಿ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ, ನಮ್ಮ ಹಳೇಬೀಡಿಗೆ, ದಂಡೆತ್ತಿ ಬಂದು ಮುಮ್ಮಡಿ ಬಲ್ಲಾಳನನ್ನು ಮಣಿಸಿದ್ದ. ಇನ್ನೊಂದು ಅಲಾಯಿ ಮಿನಾರ್. ಕುತುಬಿನ ಎರಡರಷ್ಟು ಎತ್ತರ ಏರಿಸಲು ಹೊರಟು, 1316ರಲ್ಲಿ ಸುಲ್ತಾನ ಸತ್ತಾಗ ಮೊದಲ ಅಂತಸ್ತಿಗೇ ನಿಂತ ಒರಟು ಕಲ್ಲಿನ ರಾಶಿ. ಹಳೇಬೀಡಿನ ಗುಡಿಗೂ ಶಿಖರವಿಲ್ಲ. ಆ ದೇಗುಲವನ್ನು ಕಂಡವರು ಈ ಮೊಂಡು ಗೋಪುರದ ಮುಂದೆ ನಿಂತರೆ ಚರಿತ್ರೆಯ ಪಾಠ ಬೇರೆ ಬೇಕಾಗುವುದಿಲ್ಲ.

ಅಲ್ಲಿಂದ ಅದೇ ಹಳದಿ ಮಾರ್ಗದಲ್ಲಿ ಪಟೇಲ್ ಚೌಕ್, ನಡೆದರೆ ಜಂತರ್ ಮಂತರ್. ಇದಕ್ಕೆ ನಡುಹಗಲೇ ಆಗಬೇಕು, ಬಿಸಿಲೂ ಇರಬೇಕು. ಜೈಪುರದ ಸವಾಯಿ ಜೈಸಿಂಗ್ 1724ರಲ್ಲಿ ಕಟ್ಟಿಸಿದ ವೇಧಶಾಲೆ. ಅದರ ಸಾಮ್ರಾಟ್ ಯಂತ್ರ ದೊಡ್ಡದೊಂದು ನೆರಳು ಗಡಿಯಾರ. ಇಳಿಜಾರು ಗೋಡೆ ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿದೆ, ನೆರಳು ಅಕ್ಕಪಕ್ಕದ ಕಮಾನುಗಳ ಮೇಲೆ ಬೀಳುತ್ತದೆ. ನಮ್ಮ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ದೆಹಲಿ ಅದಕ್ಕೆ ಐದು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಆದ್ದರಿಂದ ಸೂರ್ಯ ನೆತ್ತಿಗೆ ಬರುವುದು ಇಪ್ಪತ್ತೊಂದು ನಿಮಿಷ ತಡ. ಫೆಬ್ರವರಿಯ ಕೊನೆಯಲ್ಲಿ ಭೂಮಿಯ ಓಟದ ಏರುಪೇರು ಮತ್ತು ಅದರ ಅಕ್ಷದ ಓರೆಯಿಂದ ಇನ್ನೂ ಹದಿಮೂರು ನಿಮಿಷ ಸೇರುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ಜಂತರ್ ಮಂತರ್ ಎದುರು 12.30 ಎಂದು ಬರೆದಿರುತ್ತದೆ. ಆಗ ಹೋಗಿ ನಿಂತರೆ ನಿಜವಾದ ಮಧ್ಯಾಹ್ನ ಕಣ್ಣೆದುರಿಗೇ ಆಗುತ್ತದೆ, ನೆರಳು ಒಂದು ಕಡೆಯ ಕಮಾನನ್ನು ಬಿಟ್ಟು ಇನ್ನೊಂದಕ್ಕೆ ಹೊರಳುತ್ತದೆ. ಈ ಒಂದು ಸಾಲು ಬರೆಯಲು ನಾನು ಒಂದಿಡೀ ಸಂಜೆ ಲೆಕ್ಕ ಹಾಕಿ ಕುಳಿತಿದ್ದೆ, ಅಷ್ಟು ಹಿತವಾದ ಸಂಜೆ ಅದು.

ಅಂದು ಇಳಿಹೊತ್ತಿಗೆ ಲೋದಿ ಗಾರ್ಡನ್. ಸುಲ್ತಾನರ ಗೋರಿಗಳ ನಡುವೆ ಮಕ್ಕಳು ಚೆಂಡಾಡುತ್ತಾರೆ, ಸಂಸಾರಗಳು ಚಾಪೆ ಹಾಸಿ ಬುತ್ತಿ ಬಿಚ್ಚುತ್ತವೆ. ಕಾಲು ಚಾಚಿ ಕುಳಿತರೆ ಸಾಕು.

ಶನಿವಾರ ಹಳೆ ದೆಹಲಿ. ಮುಂಜಾನೆ ಜಾಮಾ ಮಸೀದಿ, ಆಮೇಲೆ ಕಿನಾರಿ ಬಜಾರಿನಲ್ಲಿ ದೌಲತ್ ಕಿ ಚಾಟ್. ಹಾಲಿನ ನೊರೆ, ಕೇಸರಿ, ಸಕ್ಕರೆ. ಚಳಿಗಾಲದ ತಿಂಡಿ, ಸೆಕೆ ಶುರುವಾದರೆ ನೊರೆ ನಿಲ್ಲುವುದಿಲ್ಲ. ಫೆಬ್ರವರಿ ದಾಟಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಜಹಾನಾರಾಳ ಕಾಲದಲ್ಲಿ ಚೌಕದ ಮಧ್ಯೆ ಕಾಲುವೆ ಹರಿಯುತ್ತಿತ್ತು. ಈಗ 2021ರಿಂದ ಹಗಲು ಹೊತ್ತು ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ, ನಡೆಯುವವರಿಗೆ ದಾರಿ ಸಿಕ್ಕಿದೆ. ಪಶ್ಚಿಮದ ತುದಿಗೆ ಖಾರಿ ಬಾವಲಿಯ ಸಂಬಾರ ಪೇಟೆ; ಮೂಟೆ ಹೊತ್ತವರಿಗೆ ಜಾಗ ಬಿಡುತ್ತಾ, ಒಣಮೆಣಸಿನ ಘಾಟಿಗೆ ಕೆಮ್ಮುತ್ತಾ ಸಾಗಬೇಕು. ಕೆಂಪುಕೋಟೆಯನ್ನು ನಾನು ಕೊನೆಗಿಡುತ್ತೇನೆ. ಊರು ಸುತ್ತಿದ ಮೇಲೆ ಅರಮನೆ ನೋಡಿದರೆ, ಅದು ಯಾರ ದುಡಿಮೆಯಿಂದ ನಿಂತಿತ್ತೆಂದು ಗೊತ್ತಾಗುತ್ತದೆ. ರಾತ್ರಿ ಮತ್ತೆ ನಿಜಾಮುದ್ದೀನ್, ಮತ್ತೆ ರಾಜಧಾನಿ.

ಈ ಪ್ಲಾನಿನಲ್ಲಿ ಸೇರದೆ ಉಳಿದದ್ದು ಭಾನುವಾರದ ಹಳೆ ಪುಸ್ತಕದ ಸಂತೆ. ದರಿಯಾಗಂಜಿನ ಪಾದಚಾರಿ ದಾರಿಯಿಂದ 2019ರಲ್ಲಿ ಮಹಿಳಾ ಹಾಟ್‌ಗೆ ಬಂದ ಆ ಸಂತೆಗಾಗಿ ಶನಿವಾರ ಇಳಿಯುವ ಇನ್ನೊಂದು ದೆಹಲಿಯನ್ನೇ ಕಟ್ಟಬೇಕು. ಅದರಲ್ಲಿ ಸೋಮವಾರ ಬರುತ್ತದೆ, ಮ್ಯೂಸಿಯಂಗಳಿಲ್ಲ. ಸದ್ಯಕ್ಕೆ ಸೋಮವಾರದ ಎದುರು ತುಘಲಕಾಬಾದ್ ಕೋಟೆ ಎಂದು ಬರೆದಿದ್ದೇನೆ. ಅಲ್ಲಿಗೆ ಬೆಳಗಿನ ಹೊತ್ತು ಒಳ್ಳೆಯದೋ ಸಂಜೆಯೋ, ಇನ್ನೂ ನೋಡಬೇಕು.