ತಗೊಳ್ಳಲೇಬೇಕಂತಿಲ್ಲ

"ಏನೂ ತಗೊಳ್ಳಲೇಬೇಕಂತಿಲ್ಲ ಕಣ್ರೀ, ಸುಮ್ನೆ ಬನ್ನಿ, ನೋಡ್ಕೊಂಡು ಹೋಗಿ" ಎಂದು ಯಾರಾದರೂ ಫೋನ್ ಮಾಡಿದರೆ ಆ ಮನೆಯಲ್ಲಿ ಪಾತ್ರೆಯ ಡೆಮೋ ಇದೆ ಎಂದು ನನಗೆ ಕೂಡಲೇ ತಿಳಿದುಹೋಗುತ್ತದೆ. ಸತ್ಯನಾರಾಯಣ ಪೂಜೆಗೆ ಕರೆಯುವವರು, ಮೊಮ್ಮಗುವಿನ ನಾಮಕರಣಕ್ಕೆ ಕರೆಯುವವರು ಹೀಗೆ ಭರವಸೆ ಕೊಟ್ಟು ಕರೆಯುವುದಿಲ್ಲ. ಮೈಸೂರಿನ ನಮ್ಮ ಬಡಾವಣೆಯಲ್ಲಿ, ಗಂಡಸರು ಆಫೀಸಿನಲ್ಲೂ ಮಕ್ಕಳು ಶಾಲೆಯಲ್ಲೂ ಇರುವ ಮಧ್ಯಾಹ್ನದ ಹೊತ್ತಿನಲ್ಲಿ, ಇಂಥ ಕರೆಗೆ ಓಗೊಟ್ಟು ಹೋದವಳು ನಾನು. ಈಗಲೂ ಕರೆದರೆ ಹೋಗುತ್ತೇನೆ. ಆದರೆ ಆ ಒಂದು ಮಾತು ಮಾತ್ರ ನನಗೆ ಮುಳ್ಳಿನಂತೆ ಚುಚ್ಚುತ್ತದೆ. ಕೊಳ್ಳದೆ ಎದ್ದು ಬರುವುದು ಅಷ್ಟು ಸುಲಭವಾಗಿದ್ದರೆ ಅದನ್ನು ಮೊದಲೇ ಹೇಳುವ ಅಗತ್ಯವಾದರೂ ಏನಿತ್ತು?

ಡೆಮೋ ನೋಡುವುದು ನನಗೆ ಬಹಳ ಇಷ್ಟ. ಹಾಲಿನ ಮಧ್ಯೆ ಟೀಪಾಯಿ, ಅದರ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ಕರೆಂಟ್ ಒಲೆ. ಸೋಫಾ ಸಾಲದೆ ಊಟದ ಟೇಬಲ್ಲಿನ ಕುರ್ಚಿಗಳೂ ಹೊರಗೆ ಬಂದಿರುತ್ತವೆ. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟ ಮಾರುವಾಕೆ ದೊಡ್ಡ ಬ್ಯಾಗಿನಿಂದ ಒಂದೊಂದೇ ಪಾತ್ರೆ ತೆಗೆದು ಮೊದಲು ಅದರ ತಳ ತೋರಿಸುತ್ತಾಳೆ. ಮೇಲೆ ಸ್ಟೀಲು, ಕೆಳಗೆ ಸ್ಟೀಲು, ನಡುವೆ ಅಲ್ಯೂಮಿನಿಯಂ. ಬರೀ ಸ್ಟೀಲಿನ ಪಾತ್ರೆಯಲ್ಲಿ ಉರಿ ತಾಗಿದ ಜಾಗ ಮಾತ್ರ ಕಾದು ಅಲ್ಲೇ ತಳ ಹಿಡಿಯುತ್ತದೆ. ನಡುವಿನ ಅಲ್ಯೂಮಿನಿಯಂ ಶಾಖವನ್ನು ಬೇಗ ಎಲ್ಲ ಕಡೆಗೂ ಹರಡುತ್ತದೆ. ಇಷ್ಟು ಹೇಳುವಷ್ಟರಲ್ಲಿ ಆಕೆ ಹುರುಳಿಕಾಯಿ, ಕ್ಯಾರೆಟ್ ತೊಳೆದು, ಹನಿ ಜಾರುತ್ತಿರುವಾಗಲೇ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಉರಿ ತಗ್ಗಿಸಿಯಾಗಿರುತ್ತದೆ. "ನೀರು ಹಾಕಿಲ್ಲ, ಎಲ್ರೂ ನೋಡಿದ್ರಲ್ಲ?" ಎಂದು ಕೇಳುತ್ತಾಳೆ. ಎಲ್ಲರೂ ಹೂಂ ಅನ್ನುತ್ತೇವೆ. ಪಕ್ಕದ ಪಾತ್ರೆಯಲ್ಲಿ ಕೇಕಿನ ಹಿಟ್ಟು ಉಬ್ಬುತ್ತಿರುತ್ತದೆ. ಬೆಂದ ತರಕಾರಿಯ ಮುಚ್ಚಳ ತೆಗೆದಾಗ ಬಣ್ಣ ಮಾಸದೆ ಹಸಿರು ಹಸಿರಾಗಿಯೇ ಇರುತ್ತದೆ.

ಇದರಲ್ಲಿ ಕಣ್ಕಟ್ಟೇನೂ ಇಲ್ಲ. ನೀರು ತರಕಾರಿಯೊಳಗೇ ಇದೆ. ಸೋರೆ, ಸೌತೆ, ಟೊಮೆಟೊಗಳ ತೂಕದಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ಬರೀ ನೀರು. ನಮ್ಮಜ್ಜಿ ಪಲ್ಯದ ಪಾತ್ರೆಗೆ ತಟ್ಟೆ ಮುಚ್ಚಿ, ತಟ್ಟೆಯಲ್ಲಿ ನೀರು ಹೊಯ್ದಿಡುತ್ತಿದ್ದರು. ಹಬೆ ತಣ್ಣನೆಯ ತಟ್ಟೆಗೆ ತಗುಲಿ ಹನಿಯಾಗಿ ಪಲ್ಯಕ್ಕೇ ಇಳಿಯುತ್ತಿತ್ತು. ದಪ್ಪ ತಳ, ಬಿಗಿ ಮುಚ್ಚಳ, ಸಣ್ಣ ಉರಿ: ಇಷ್ಟೇ ಗುಟ್ಟು. ನನಗೆ ಸಿಟ್ಟು ಬರುವುದು ಆಮೇಲೆ ನಡೆಯುವ ಸೋಡಾ ಪರೀಕ್ಷೆಗೆ. ಮನೆಯಾಕೆಯ ಅಡುಗೆಮನೆಯಿಂದ ಒಂದು ಅಲ್ಯೂಮಿನಿಯಂ ಪಾತ್ರೆ ತರಿಸಿ, ಅದರಲ್ಲೂ ತಮ್ಮ ಪಾತ್ರೆಯಲ್ಲೂ ಅಡುಗೆ ಸೋಡಾ ಹಾಕಿದ ನೀರು ಕುದಿಸಿ, ಎರಡನ್ನೂ ಚಮಚದಲ್ಲಿ ಕುಡಿಸುತ್ತಾರೆ. ಅಲ್ಯೂಮಿನಿಯಂ ಪಾತ್ರೆಯ ನೀರು ಬಾಯಿಗಿಡಲಾಗದಷ್ಟು ಕೆಟ್ಟದಾಗಿರುತ್ತದೆ. "ಇಷ್ಟು ವರ್ಷ ಮಕ್ಕಳಿಗೆ ಇದನ್ನೇ ತಿನ್ನಿಸಿದ್ದೀರಿ" ಎಂದರೆ ಯಾವ ತಾಯಿಯ ಎದೆ ಧಸಕ್ಕೆನ್ನುವುದಿಲ್ಲ? ಅಲ್ಯೂಮಿನಿಯಂ ಮೇಲೆ ತಾನಾಗಿ ಕಟ್ಟಿಕೊಳ್ಳುವ ತೆಳು ಪೊರೆಯನ್ನು ಕ್ಷಾರ ಕರಗಿಸುತ್ತದೆ, ಅದಕ್ಕೇ ಆ ರುಚಿ. ಆದರೆ ಸೋಡಾ ನೀರನ್ನು ಯಾರೂ ಊಟಕ್ಕೆಂದು ಕುದಿಸುವುದಿಲ್ಲ. ಹುಣಸೆಹುಳಿ ಬಿಟ್ಟ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದೆಂದು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಗೊತ್ತು. ಅಷ್ಟನ್ನು ನೆಟ್ಟಗೆ ಹೇಳಿದರೆ ಸಾಕು. ಒಳ್ಳೆಯ ಪಾತ್ರೆ ಇರುವಾಗ ತಾಯಂದಿರನ್ನು ಹೆದರಿಸಿ ಮಾರುವುದು ಪಾತ್ರೆಗೇ ಅವಮಾನ.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತು ಬಾಗಿಲಿಗೆ ಬರುತ್ತಿದ್ದಳಲ್ಲ, ಅವಳ ಹತ್ತಿರ ನಮ್ಮ ಬಾಯಿ ಎಷ್ಟು ಜೋರು! ಜರಿ ಅಂಚಿನ ಸೀರೆಗೆ ಇಷ್ಟು ಪುಟ್ಟ ಡಬ್ಬಿಯೇ ಎಂದು ಜಗಳ ತೆಗೆದು, ಕೊನೆಗೆ "ಬೇಡ, ಹೋಗಮ್ಮ" ಎಂದು ಬಾಗಿಲು ಹಾಕುತ್ತಿದ್ದೆವು. ಅವಳು ನಗುತ್ತಾ ಪಕ್ಕದ ಮನೆಗೆ ಹೋಗುತ್ತಿದ್ದಳು. ಅದೇ ನಾವು ಗೆಳತಿಯ ಹಾಲಿನಲ್ಲಿ ಕೂತು, ಅವಳು ಮಾಡಿದ ಕೇಸರಿಬಾತು ತಿಂದು, ಕಾಫಿ ಲೋಟ ಕೈಯಲ್ಲಿ ಹಿಡಿದಿರುವಾಗ ಆರ್ಡರ್ ಫಾರಂ ಬಂದರೆ ನಾಲಗೆ ಏಳುವುದಿಲ್ಲ. ಮಾರಾಟ ಹೆಚ್ಚಾದಷ್ಟೂ ಕರೆದವಳಿಗೆ ಸಿಗುವ ಉಡುಗೊರೆಯೂ ದೊಡ್ಡದೆಂಬುದು ಎಲ್ಲರಿಗೂ ಗೊತ್ತು. ಮನೆ ಕಟ್ಟಿಸುವಾಗ ಇಟ್ಟಿಗೆ ಸಿಮೆಂಟಿನ ಲೆಕ್ಕವನ್ನೆಲ್ಲ ತಾವೇ ನೋಡಿದ ಗಟ್ಟಿಗಿತ್ತಿಯರು ಆಗ "ನಮ್ಮ ಯಜಮಾನ್ರನ್ನ ಒಂದ್ ಮಾತು ಕೇಳಿ ಹೇಳ್ತೀನಿ" ಎನ್ನುತ್ತಾರೆ. ಅದಕ್ಕೂ ಉತ್ತರ ಸಿದ್ಧವಾಗಿರುತ್ತದೆ: "ತಳ ಉಜ್ಜೋರು ನೀವು, ಕೇಳೋದು ಅವರನ್ನಾ?" ಎಲ್ಲರೂ ನಗುತ್ತಾರೆ. ನಗು ಮುಗಿಯುವಷ್ಟರಲ್ಲಿ ಸಣ್ಣದೊಂದು ಬಾಣಲೆಗಾದರೂ ಸಹಿ ಬಿದ್ದಿರುತ್ತದೆ. ಇಡೀ ಸೆಟ್ಟಿಗೆ ಚೀಟಿ ಹಾಕಿಕೊಂಡವರನ್ನೂ ನೋಡಿದ್ದೇನೆ.

ಸ್ನೇಹದ ಸಂಕೋಚವನ್ನೇ ಬಂಡವಾಳ ಮಾಡಿಕೊಂಡ ಈ ವ್ಯಾಪಾರ ಹುಟ್ಟಿದ್ದು ಅಮೆರಿಕದಲ್ಲಿ. 1920ರ ದಶಕದಲ್ಲೇ ಅಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾರುವವರು ಯಾರದಾದರೂ ಮನೆಗೆ ಹೋಗಿ, ನೆರೆಹೊರೆಯವರನ್ನು ಕರೆಸಿ, ತಾವೇ ಅಡುಗೆ ಮಾಡಿ ಬಡಿಸಿ ಪಾತ್ರೆ ಮಾರುತ್ತಿದ್ದರು. ಆಮೇಲೆ ಸ್ಟ್ಯಾನ್ಲಿ ಹೋಂ ಪ್ರಾಡಕ್ಟ್ಸ್ ಎಂಬ ಕಂಪನಿ ಪೊರಕೆ, ಬ್ರಷ್ಷುಗಳನ್ನೂ ಹೀಗೆಯೇ ಮಾರಿತು. ಅಲ್ಲಿ ಮಾರಾಟ ಕಲಿತವಳು ಬ್ರೌನಿ ವೈಸ್. 1913ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದವಳು, ಗಂಡನನ್ನು ಬಿಟ್ಟು ಒಬ್ಬಳೇ ಮಗನನ್ನು ಸಾಕುತ್ತಿದ್ದವಳು. ಆಕೆಯ ಕಥೆ ತಿಳಿದ ಮೇಲೆ ಯಾವ ಡೆಮೋಗೆ ಹೋದರೂ ನನಗೆ ಅವಳ ನೆನಪಾಗುತ್ತದೆ.

ಅರ್ಲ್ ಟಪ್ಪರ್ ಎಂಬಾತ 1946ರಲ್ಲಿ ಪಾಲಿಎಥಿಲೀನಿನ ಡಬ್ಬಿಗಳನ್ನು ಮಾರುಕಟ್ಟೆಗೆ ತಂದ. ಬಣ್ಣದ ಡಬ್ಬದ ಮುಚ್ಚಳ ನೋಡಿ ಅವನಿಗೆ ಹೊಳೆದದ್ದು ಆ ಗಾಳಿಯಾಡದ ಮುಚ್ಚಳ. ವಸ್ತು ಚೆನ್ನಾಗಿತ್ತು, ಆದರೆ ಅಂಗಡಿಯಲ್ಲಿ ಹಾಗೇ ಉಳಿಯಿತು. ಆ ಮುಚ್ಚಳ ಹಾಕುವುದು ಹೇಗೆಂದೇ ಜನಕ್ಕೆ ತಿಳಿಯಲಿಲ್ಲ. ಅಂಚನ್ನು ಒಂದಿಷ್ಟು ಎತ್ತಿ, ನಡುವೆ ಒತ್ತಿ, ಒಳಗಿನ ಗಾಳಿ ಬಿಡಬೇಕು; ಇದನ್ನು ಒಬ್ಬರು ಎದುರಿಗೆ ನಿಂತು ಮಾಡಿ ತೋರಿಸಬೇಕು. ಬ್ರೌನಿ ಅದನ್ನು ತೋರಿಸಿದಳು. ಡಬ್ಬಿಯಲ್ಲಿ ನೀರು ತುಂಬಿ ಮುಚ್ಚಳ ಹಾಕಿ, ಕೂತ ಹೆಂಗಸರ ಕಡೆಗೆ ಎಸೆಯುತ್ತಿದ್ದಳು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ದೊಡ್ಡ ಅಂಗಡಿಗಳು ಮಾರಲಾಗದ್ದನ್ನು ಆಕೆಯೂ ಆಕೆಯ ಗೆಳತಿಯರೂ ರಾಶಿ ರಾಶಿ ಮಾರುತ್ತಿರುವುದನ್ನು ಕಂಡು ಟಪ್ಪರ್ ಆಕೆಯನ್ನು ಕರೆಸಿದ. 1951ರಲ್ಲಿ ಡಬ್ಬಿಗಳನ್ನು ಅಂಗಡಿಗಳಿಂದ ಪೂರ್ತಿ ಹಿಂತೆಗೆದು, ಮಾರಾಟದ ಇಡೀ ಹೊಣೆಯನ್ನು ಆಕೆಯ ಕೈಗೆ ಕೊಟ್ಟ.

ಫ್ಲಾರಿಡಾದ ಕಿಸಿಮ್ಮಿಯಲ್ಲಿ ಆಕೆ ಕಟ್ಟಿದ ವ್ಯವಸ್ಥೆಯನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರನ್ನು ಯುದ್ಧ ಮುಗಿದೊಡನೆ ಒಲೆಯ ಮುಂದಕ್ಕೆ ಕಳಿಸಿದ್ದ ಕಾಲ ಅದು. ಹೆಚ್ಚು ಓದದವರು, ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲದವರು, ಸ್ವಂತ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆಯೂ ಇಲ್ಲದವರು ಅಲ್ಲಿಗೆ ಬಂದು ವೇದಿಕೆ ಹತ್ತಿ ಚಪ್ಪಾಳೆ ಪಡೆದರು. 1954ರಲ್ಲಿ ನಡೆದ ಮಾರಾಟಗಾರ್ತಿಯರ ಸಮಾವೇಶದಲ್ಲಿ ಬಹುಮಾನಗಳನ್ನು ಮಣ್ಣಿನಲ್ಲಿ ಹೂತು, ಹೆಂಗಸರ ಕೈಗೆ ಸನಿಕೆ ಕೊಟ್ಟು ಅಗೆಸಿದರು. ಅಗೆದವರಿಗೆ ಒಡವೆ, ಗಡಿಯಾರ ಸಿಕ್ಕವು. ಅದೇ ವರ್ಷ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಬ್ರೌನಿಯ ಚಿತ್ರ ಬಂತು. ಆ ಜಾಗಕ್ಕೆ ಬಂದ ಮೊದಲ ಹೆಂಗಸು ಆಕೆ.

ಕಂಪನಿ ಬೆಳೆದದ್ದು ಡಬ್ಬಿಯಿಂದಲೋ ಬ್ರೌನಿಯಿಂದಲೋ ಎಂಬ ಪ್ರಶ್ನೆ ಟಪ್ಪರನಿಗೆ ಸಹನೆಯಾಗಲಿಲ್ಲ. 1958ರ ಜನವರಿಯಲ್ಲಿ ಆಕೆಯನ್ನು ಕೆಲಸದಿಂದ ತೆಗೆದರು. ಆಕೆಯ ಹೆಸರಿನಲ್ಲಿ ಕಂಪನಿಯ ಒಂದು ಷೇರೂ ಇರಲಿಲ್ಲ, ವಾಸವಿದ್ದ ಮನೆಯೂ ಕಂಪನಿಯದೇ. ಕಾನೂನಿನ ಹೋರಾಟದ ಕೊನೆಗೆ ಸಿಕ್ಕಿದ್ದು ಒಂದು ವರ್ಷದ ಸಂಬಳ, ಸುಮಾರು 30,000 ಡಾಲರು. ಅದೇ ವರ್ಷ ಟಪ್ಪರ್ ಕಂಪನಿಯನ್ನು 1 ಕೋಟಿ 60 ಲಕ್ಷ ಡಾಲರಿಗೆ ಮಾರಿ ಹೊರಟ. ಆಕೆ ಬರೆದ ಪುಸ್ತಕದ ಉಳಿದ ಪ್ರತಿಗಳನ್ನು ಗುಂಡಿ ತೆಗೆದು ಹೂಳಿಸಿದರೆಂದು ಆಕೆಯ ಜೀವನಕಥೆ ಬರೆದವರು ಹೇಳುತ್ತಾರೆ. ಆಕೆ 1992ರಲ್ಲಿ ತೀರಿಕೊಂಡಳು. ಸಂಸ್ಥೆಯ ಚರಿತ್ರೆಯಲ್ಲಿ ಆಕೆಯ ಹೆಸರು ಬಹುಕಾಲ ಬರಲೇ ಇಲ್ಲ. ಡಬ್ಬಿಗೆ ಇಂದಿಗೂ ಟಪ್ಪರನ ಹೆಸರೇ ಇದೆ.

ಆ ಡಬ್ಬಿ 1996ರಲ್ಲಿ ಭಾರತಕ್ಕೆ ಬಂತು. ನಮ್ಮ ಊರುಗಳಲ್ಲೂ ಎಷ್ಟೋ ಹೆಂಗಸರು ಅದನ್ನು ಬ್ಯಾಗಿನಲ್ಲಿ ಹೊತ್ತು ಮನೆ ಮನೆ ಸುತ್ತಿದರು. 2024ರ ಸೆಪ್ಟೆಂಬರಿನಲ್ಲಿ ಅದರ ಮೂಲ ಕಂಪನಿ ದಿವಾಳಿ ರಕ್ಷಣೆ ಕೋರಿ ಅಮೆರಿಕದ ಕೋರ್ಟಿನ ಮೆಟ್ಟಿಲು ಹತ್ತಿದಾಗ ಪತ್ರಿಕೆಗಳೆಲ್ಲ ಡಬ್ಬಿಯ ಬಗ್ಗೆ ಬರೆದವು. ಹೊತ್ತು ಮಾರಿದವರ ಮಾತು ನನಗೆ ಹೆಚ್ಚು ಕಾಣಲಿಲ್ಲ.

ಹಾಗೆ ಹೊತ್ತು ಮಾರಿದ ಒಬ್ಬಾಕೆಯನ್ನು ನಾನು ಬಲ್ಲೆ. ಆಕೆ ಮಾರುತ್ತಿದ್ದದ್ದು ಬೇರೊಂದು ಕಂಪನಿಯ ಪಾತ್ರೆ. ಮಗಳ ಕಾಲೇಜಿನ ಫೀಸನ್ನು ಆ ದುಡ್ಡಿನಲ್ಲೇ ಕಟ್ಟಿದಳು. ಮೊದಲ ಡೆಮೋದಲ್ಲಿ ಕೈ ನಡುಗಿ ಮುಚ್ಚಳ ಬೀಳಿಸಿದ್ದವಳು ಆಮೇಲೆ ಬ್ಯಾಂಕಿನ ಮ್ಯಾನೇಜರ್ ಎದುರಿಗೂ ಗಟ್ಟಿಯಾಗಿ ಮಾತಾಡುವಂತಾದಳು. ಆದರೆ ಆಕೆಯ ಮನೆಯ ಅಟ್ಟದ ಮೇಲೆ ಬಿಚ್ಚದ ಪೆಟ್ಟಿಗೆಗಳು ಇಂದಿಗೂ ಕೂತಿವೆ. ತಿಂಗಳ ಗುರಿ ತಲುಪದಿದ್ದಾಗ ತನ್ನದೇ ದುಡ್ಡು ಹಾಕಿ ತೆಗೆದುಕೊಂಡ ಮಾಲು ಅದು. ಕಲಿತ ಧೈರ್ಯ ಅವಳಿಗೆ ಉಳಿಯಿತು, ಲಾಭ ಮೇಲಿನವರ ಪಾಲಾಯಿತು. ಊರು ಬೇರೆ, ಪಾತ್ರೆ ಬೇರೆ. ಆದರೆ ಬ್ರೌನಿಗೆ ಆದದ್ದೇ ಇವಳಿಗೂ ಆಯಿತು. ನಾವು ನಂಬಿದ್ದು ಕಂಪನಿಯನ್ನಲ್ಲ, ಪಕ್ಕದ ಬೀದಿಯ ಇವಳನ್ನು. ನಂಬಿಕೆ ಇವಳದಾಗಿರುವಾಗ ಗಳಿಕೆಯ ದೊಡ್ಡ ಪಾಲೂ ಇವಳದೇ ಆಗಬೇಕು.

ಕಾನೂನು ತಡವಾಗಿಯಾದರೂ ಬಂದಿದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟಕ್ಕೆ ನಿಯಮಗಳನ್ನು ಮಾಡಿತು. ಜನರನ್ನು ಸೇರಿಸುತ್ತಾ ಹೋಗಿ ಅವರ ದುಡ್ಡಿನಲ್ಲೇ ಲಾಭ ಮಾಡುವ ಪಿರಮಿಡ್ ಯೋಜನೆಗಳಿಗೆ ಅದರಲ್ಲಿ ನಿಷೇಧವಿದೆ. ಮಾರುವವರು ಗುರುತಿನ ಚೀಟಿ ಇಟ್ಟುಕೊಂಡು, ಮೊದಲೇ ಹೇಳಿ ಒಪ್ಪಿಗೆ ಪಡೆದು ಮನೆಗೆ ಬರಬೇಕು. ಆದರೆ ಗೆಳತಿಯ ಹಾಲಿನಲ್ಲಿ ಕೂತವರಿಗೆ ಬಾಯಿ ಕೊಡುವ ಕಾನೂನು ಯಾವ ಸರ್ಕಾರವೂ ಮಾಡಲಾರದು. ಅದನ್ನು ನಾವೇ ಮಾಡಿಕೊಳ್ಳಬೇಕು.

ಆದ್ದರಿಂದ ಕರೆದರೆ ಹೋಗಿ. ಕೂತು ಪೂರ್ತಿ ನೋಡಿ, ಮಾರುವಾಕೆಯನ್ನು ಪ್ರಶ್ನೆ ಕೇಳಿ, ಆಕೆಯ ಕೈಚಳಕ ಹಿಡಿಸಿದರೆ ಎಲ್ಲರೆದುರಿಗೆ ಹೊಗಳಿ. ಪಾತ್ರೆ ಬೇಕಿದ್ದರೆ ಆಕೆಯ ಹತ್ತಿರವೇ ಕೊಳ್ಳಿ. ಬೇಡವಾಗಿದ್ದರೆ ಕಾಫಿ ಲೋಟ ಕೆಳಗಿಟ್ಟು "ಬೇಡ" ಎನ್ನಿ. ಕರೆದ ಗೆಳತಿಯರೇ, ಹಾಗೆ ಅಂದವರ ಮೇಲೆ ಮುನಿಸಿಕೊಳ್ಳಬೇಡಿ. ಮತ್ತೆ, "ನೀವೂ ಸೇರ್ಕೊಳ್ಳಿ" ಎಂದು ಯಾರಾದರೂ ಮುಂಗಡ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.